ಕಳಿಸಿದ ಮರಿ, ಬಂದ ಮರಿ

ಮೀನುಗಾರಿಕೆ ಇಲಾಖೆಗೆ ಹೊಸದಾಗಿ ಸೇರಿದವರು ನಮ್ಮ ಮರಿ ಪಾಲನಾ ಕೇಂದ್ರಕ್ಕೆ ಬಂದಾಗ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇಷ್ಟು ಸಣ್ಣ ಮೀನುಮರಿಗಳನ್ನ ಹೆಂಗೆ ಎಣಿಸ್ತೀರಿ?"

ಒಂದೊಂದಾಗಿ ಎಣಿಸುವುದಿಲ್ಲ. ತಳದಲ್ಲಿ ತೂತುಗಳಿರುವ ಪುಟ್ಟ ಬಟ್ಟಲೊಂದಿರುತ್ತದೆ. ಅದರ ತುಂಬ ಮರಿ ಹಿಡಿದು, ನೀರು ಸೋರಿದ ಮೇಲೆ, ಆ ಒಂದು ಬಟ್ಟಲಿನ ಮರಿಗಳನ್ನು ಬಿಳಿ ಬೇಸಿನ್ನಿಗೆ ಸುರಿದು ಎಣಿಸಬೇಕು. ಆಮೇಲೆ ಚೀಲಕ್ಕೆ ಎಷ್ಟು ಬಟ್ಟಲು ಹಾಕಿದೆವೋ ಅಷ್ಟರಿಂದ ಗುಣಿಸಬೇಕು. ವಿದ್ಯೆ ಇಷ್ಟೇ. ಈ ವಿದ್ಯೆಯಲ್ಲಿ ನಾನು ಏನು ಮಾಡಿದೆ, ಅದರಿಂದ ನನ್ನ ತಂಗಿಗೆ ಏನಾಯಿತು ಎಂಬುದನ್ನು ಹೇಳದೆ ನನ್ನ ನೌಕರಿಯ ಕಥೆ ಹೇಳಲು ಬರುವುದಿಲ್ಲ. ನಾನು ಏಳನೇ ಕ್ಲಾಸು ಓದಿದವನು. ಮಾತು ಎಲ್ಲಾದರೂ ಒರಟಾದರೆ ಅದಕ್ಕೆ ಕಾರಣ ನನ್ನ ಓದು. ವಿಷಯ ಕಹಿಯಾಗಿದ್ದರೆ ಅದಕ್ಕೆ ಕಾರಣ ನಾನೇ.

ನಾನು ಸೇರಿದ್ದು ಸಾಗರದ ಕಡೆಯ ಒಂದು ಮರಿ ಕೇಂದ್ರಕ್ಕೆ. ಅಲ್ಲಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಕೆರೆಗಳಿಗೆ ಮರಿ ಹೋಗುತ್ತಿತ್ತು. ಆಗಿನ ನಮ್ಮ ಸಾಹೇಬರು ತೆಳ್ಳಗಿನ ಮನುಷ್ಯ, ಬಾಯಿ ಮಾತ್ರ ದಪ್ಪ. ಮೊದಲ ದಿನವೇ ನನ್ನ ಕೈಗೆ ಬಟ್ಟಲು ಕೊಟ್ಟು ಹೇಳಿದರು: "ಹುಚ್ಚಪ್ಪ, ನಿನ್ನ ಹೆಸರಿಗೆ ತಕ್ಕ ಹಾಗೆ ಎಣಿಸ್ಬೇಡ. ಪ್ರತಿ ಸಲ ಮರಿ ತುಂಬುವಾಗ ಹೊಸದಾಗಿ ಬಟ್ಟಲು ಎಣಿಸ್ಬೇಕು. ನಿನ್ನೆಯ ಲೆಕ್ಕ ಇವತ್ತಿಗೆ ಹಾಕಿದ್ರೆ ಕೆರೆಗೇ ತಳ್ಳಿಬಿಡ್ತೀನಿ."

ಯಾಕೆಂದರೆ ಮರಿ ಬೆಳೆಯುತ್ತದೆ. ಮಳೆಗಾಲದ ಶುರುವಿನಲ್ಲಿ ಜೀರಿಗೆಯಷ್ಟಿರುವ ಮರಿ ಬಟ್ಟಲಿಗೆ ಮುನ್ನೂರು ಹಿಡಿದರೆ, ಕೆಲವು ವಾರ ಕಳೆದ ಮೇಲೆ ಅದೇ ಬಟ್ಟಲಿಗೆ ಇನ್ನೂರೂ ಹಿಡಿಯುವುದಿಲ್ಲ. ಬಟ್ಟಲು ಅದೇ, ತುಂಬುವವನ ಕೈ ಅದೇ, ಮರಿ ಮಾತ್ರ ನಿನ್ನೆಯದಲ್ಲ.

ನನ್ನ ಮೊದಲ ತಪ್ಪು ಎಣಿಕೆಯದಲ್ಲ. ಆನಂದಪುರದ ಹತ್ತಿರದ ಒಂದು ಕೆರೆಗೆ ಚೀಲಗಳನ್ನು ಒಯ್ದಿದ್ದೆ. ಆಮ್ಲಜನಕ ತುಂಬಿದ ಚೀಲವನ್ನು ಬಾಯಿ ಬಿಚ್ಚದೆ ಸ್ವಲ್ಪ ಹೊತ್ತು ಕೆರೆಯ ನೀರಿನಲ್ಲಿ ತೇಲಿಸಬೇಕು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬರಬೇಕು. ಬಸ್ಸು ತಪ್ಪೀತೆಂದು ನಾನು ಸೀದಾ ಸುರಿದೆ. ನೋಡನೋಡುತ್ತಿದ್ದಂತೆ ದಡದ ಉದ್ದಕ್ಕೂ ನೀರು ಬೆಳ್ಳಗಾಯಿತು. ಅಷ್ಟೂ ಮರಿ ಹೊಟ್ಟೆ ಮೇಲೆ ಮಾಡಿದ್ದವು. ಕೇಂದ್ರಕ್ಕೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಸಾಹೇಬರು ಬೈದರು, ಆಮೇಲೆ ಟೀ ಕುಡಿಸಿದರು. "ಬಂದು ಹೇಳಿದ್ಯಲ್ಲ, ಇನ್ನು ನೀನು ಉಳ್ಕೊಂಡೆ" ಎಂದರು. ಆಗ ನನಗೆ ಅಷ್ಟು ಸುಲಭವಾಗಿ ಬಂದ ಬುದ್ಧಿ ಮುದಿ ವಯಸ್ಸಿಗೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ನನ್ನ ತಂಗಿ ಗಿರಿಜಳ ಗಂಡ ತೀರ್ಥಹಳ್ಳಿ ಕಚೇರಿಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಅವಳಿಗೆ ಅಲ್ಲಿಯೇ ಕೆಲಸ ಸಿಕ್ಕಿತು. ಕೆರೆಯ ದಡದಲ್ಲಿ ಮರಿ ಇಳಿಸಿಕೊಳ್ಳುವ ಕೆಲಸ. ಅವಳಿಗೆ ಬಟ್ಟಲು ಹಿಡಿಯುವುದನ್ನು ಕಲಿಸಿದವನು ನಾನೇ.

"ಉಸಿರು ಬಿಡ್ಬೇಡ. ಬೇಸಿನ್ ಅಲ್ಲಾಡ್ಬಾರ್ದು. ಮೂಲೆಯಿಂದ ಶುರು ಮಾಡು."

"ಉಸಿರು ಬಿಡದೇ ಎಷ್ಟೊತ್ತು ಎಣಿಸೋದು ಅಣ್ಣಯ್ಯ? ಮರಿ ಉಳ್ಕಂಡು ನಾನು ಸತ್ತೋಗ್ತೀನಿ ಅಷ್ಟೆ."

ನಗುತ್ತಲೇ ಕಲಿತಳು. ನನಗಿಂತ ಚೆನ್ನಾಗಿ ಕಲಿತಳು.

ಆದರೆ ಒಂದು ಪದ್ಧತಿಯಿತ್ತು. ನಾನು ಕಳಿಸಿದೆ ಎಂದು ಬರೆದ ಸಂಖ್ಯೆಯನ್ನೇ ಇಳಿಸಿಕೊಂಡ ಕಚೇರಿಯವರೂ ಬರೆಯುತ್ತಿದ್ದರು. ದಡದಲ್ಲಿ ಯಾರೂ ಮತ್ತೆ ಎಣಿಸುತ್ತಿರಲಿಲ್ಲ. ಎಣಿಸಿದರೂ ಆ ಸಂಖ್ಯೆ ಬರೆಯುತ್ತಿರಲಿಲ್ಲ. ಬರೆದರೆ ಕಳಿಸಿದವನಿಗೆ ಅವಮಾನ ಮಾಡಿದಂತೆ. "ಸೇರಿಸಿ ಬರೆಯೋದು" ಎನ್ನುತ್ತಿದ್ದೆವು ಇದಕ್ಕೆ. ಮೋಸ ಎಂದು ಯಾರಿಗೂ ಅನ್ನಿಸಿರಲಿಲ್ಲ, ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತು ಅಡುಗೆ ಚೆನ್ನಾಗಿದೆ ಎನ್ನುವ ಹಾಗೆ ಅದೊಂದು ಮರ್ಯಾದೆ.

ನಿವೃತ್ತಿಗೆ ಕೆಲವು ವರ್ಷ ಇರುವಾಗ ನನ್ನ ಕಣ್ಣು ಮಂಜಾಗತೊಡಗಿತು. ಬೇಸಿನ್ನಿನಲ್ಲಿ ಮರಿ ಕಾಣುವ ಬದಲು ನೀರೇ ಅಲ್ಲಾಡಿದಂತೆ ಕಾಣುತ್ತಿತ್ತು. ಪೊರೆ ಎಂದು ನನಗೆ ತಿಳಿಯದೆ ಇರಲಿಲ್ಲ. ಆದರೆ ಕೇಂದ್ರದಲ್ಲಿ ನನಗಿದ್ದ ಗೌರವವೆಲ್ಲ ಆ ಎಣಿಕೆಯದು. ಇಂಗ್ಲಿಷ್ ಬಾರದ, ಕಂಪ್ಯೂಟರ್ ಮುಟ್ಟದ ನನ್ನನ್ನು ಸಾಹೇಬರುಗಳು "ಹುಚ್ಚಪ್ಪ ಎಣಿಸಿದ್ರೆ ಮುಗೀತು" ಎಂದು ಬಂದವರಿಗೆ ತೋರಿಸುತ್ತಿದ್ದರು. ಕಣ್ಣು ಕಾಣುವುದಿಲ್ಲ ಎಂದರೆ ಬಟ್ಟಲು ಕಿತ್ತುಕೊಂಡು ಗೇಟಿನಲ್ಲಿ ಕೂರಿಸುತ್ತಾರೆ ಎಂಬ ಭಯ. ಹಾಗಾಗಿ ಮಳೆಗಾಲದ ಶುರುವಿನಲ್ಲಿ ಬೇರೆಯವರು ಎಣಿಸಿದ ಒಂದು ಬಟ್ಟಲಿನ ಲೆಕ್ಕ ಹಿಡಿದು, ಅದನ್ನೇ ಇಡೀ ಹಂಗಾಮಿಗೆ ಹಾಕಿದೆ. ಬೇಸಿನ್ನಿನ ಮುಂದೆ ಬಗ್ಗಿ, ಉಸಿರು ಬಿಗಿಹಿಡಿದು, ತುಟಿ ಅಲ್ಲಾಡಿಸುತ್ತಿದ್ದೆ. ನೋಡಿದವರು ಎಣಿಸುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ಆಮೇಲೆ ಹಳೆಯ ಸಂಖ್ಯೆ ಹೇಳುತ್ತಿದ್ದೆ. ಮರಿ ಬೆಳೆದಾಗ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ, ಸ್ವಲ್ಪವಷ್ಟೆ, ಎಂದು ಸಮಾಧಾನ ಮಾಡಿಕೊಂಡಿದ್ದೆ. ದಡದಲ್ಲಿ ಯಾರೂ ಎಣಿಸುವುದಿಲ್ಲವಲ್ಲ ಎಂಬ ಧೈರ್ಯವೂ ಇತ್ತು.

ಆ ಹೊತ್ತಿಗೆ ಬಂತು ಒಂದೇ ಮಾಹಿತಿ ವ್ಯವಸ್ಥೆಯ ಯೋಜನೆ.

ಅಲ್ಲಿಯವರೆಗೆ ಒಂದೊಂದು ಕಚೇರಿಗೆ ಒಂದೊಂದು ರೀತಿ. ಕಡಲಿನವರದ್ದೇ ಒಂದು, ಜಲಾಶಯದವರದ್ದೇ ಒಂದು, ಕೆರೆಯವರದ್ದೇ ಒಂದು. ಇನ್ನು ಎಲ್ಲರೂ ಒಂದೇ ಕಡೆ ಬರೆಯಬೇಕು, ಒಬ್ಬರು ಬರೆದದ್ದು ಎಲ್ಲರಿಗೂ ಕಾಣಬೇಕು ಎಂದು ತೀರ್ಮಾನವಾಯಿತು. ಪ್ರಯೋಗಕ್ಕೆ ನಮ್ಮ ಮೂರು ತಾಲ್ಲೂಕು ಆರಿಸಿದರು. ಅದರ ಹೊಣೆ ಹೊತ್ತವರು ಒಬ್ಬ ಮೇಡಂ. ಚುರುಕಿನ ಹೆಂಗಸು, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಕೆರೆಯ ಕೆಲಸ ತಿಳಿದವನೊಬ್ಬ ಸಭೆಯಲ್ಲಿರಬೇಕೆಂದು ನನ್ನನ್ನೂ ಕೂರಿಸಿಕೊಂಡರು.

ಮೊದಲ ಸಭೆ ಸಾಗರದಲ್ಲಿ. ಕರಾವಳಿಯಿಂದ ಒಬ್ಬ ಸಾಹೇಬರು ಆಗುಂಬೆ ಘಾಟಿ ಹತ್ತಿ, ತಿರುವು ತಿರುವಿನಲ್ಲೂ ಕಾರು ನಿಲ್ಲಿಸಿ ವಾಂತಿ ಮಾಡಿಕೊಂಡು, ನಿಂಬೆಹಣ್ಣು ಮೂಸುತ್ತ ಬಂದಿದ್ದರು.

"ನಮ್ಮಲ್ಲಿ ಬಂದರಿಗೆ ಬಂದ ಮೀನು ಟನ್ ಲೆಕ್ಕ ಮಾರಾಯ್ರೆ. ನಿಮ್ಮಲ್ಲಿ ಇದೆಂತದು, ಮರಿ ತಲೆ ಎಣಿಸುವುದಾ?" ಎಂದರು.

"ಮರಿ ತೂಗಿದ್ರೆ ಸಾಯ್ತಾವೆ ಸರ್" ಎಂದೆ.

"ಹಾಗಾದ್ರೆ ನಿಮ್ಮದು ಶಾಲೆ ಹಾಜರಿ. ನಮ್ಮದು ಮೀನುಗಾರಿಕೆ."

ಎಲ್ಲರೂ ನಕ್ಕರು. ಆಮೇಲೆ ಗೆಂಡೆ ಮೀನು ಎಂದರೆ ಯಾವುದು ಎಂಬುದರ ಮೇಲೆ ಅರ್ಧ ದಿನ ಹೋಯಿತು. ಒಂದು ಕಚೇರಿಯವರು ಗೆಂಡೆ ಎಂದರೆ ಸಾಮಾನ್ಯ ಗೆಂಡೆ ಮಾತ್ರ ಬರೆಯುತ್ತಿದ್ದರು. ಇನ್ನೊಂದರವರು ಕಾಟ್ಲಾ, ರೋಹು, ಹುಲ್ಲುಗೆಂಡೆ ಎಲ್ಲವನ್ನೂ ಗೆಂಡೆಗೇ ಸೇರಿಸುತ್ತಿದ್ದರು. ದೊಡ್ಡಕೆರೆ ಎಂಬ ಹೆಸರಿನ ಕೆರೆಗಳಂತೂ ಊರಿಗೊಂದು. ಅವಕ್ಕೆಲ್ಲ ಬೇರೆಬೇರೆ ಗುರುತು ಕೊಡುವಷ್ಟರಲ್ಲಿ ಮೇಡಂ ಗಂಟಲು ಕಟ್ಟಿತು. ಕೊನೆಗೆ ಮರಿ ಸಾಗಣೆಗೆ ಎರಡು ಖಾನೆ ಇಡುವುದು ಎಂದಾಯಿತು: ಕಳಿಸಿದ ಮರಿ, ಬಂದ ಮರಿ. ಎರಡೂ ಬೇರೆಬೇರೆಯವರು ಬೇರೆಬೇರೆ ಕಡೆಯಿಂದ ತುಂಬಬೇಕು. ತರಬೇತಿಯಲ್ಲಿ ಮೇಡಂ ಎಲ್ಲರಿಗೂ ಹೇಳಿದ ಮಾತು ಒಂದೇ: "ನೀವು ನಿಮ್ಮ ಕೈಯಾರೆ ಎಣಿಸಿದ್ದನ್ನೇ ಹಾಕಿ. ಬೇರೆಯವರು ಎಷ್ಟು ಹಾಕಿದ್ದಾರೆ ಅಂತ ನೋಡಬೇಡಿ."

ಆ ಮಳೆಗಾಲ ಶುರುವಾಗುವ ಮುಂಚೆ ಗಿರಿಜ ಫೋನು ಮಾಡಿದಳು.

"ಅಣ್ಣಯ್ಯ, ಒಂದ್ ಮಾತು. ನಿನ್ ಚೀಲ್ದಾಗೆ ಮರಿ ಕಮ್ಮಿ ಬರ್ತಾವೆ. ಹೋದ ವರ್ಷನೂ ಹಂಗೇ ಇತ್ತು. ನೀ ಬರ್ದಿದ್ದೇ ನಾನೂ ಬರ್ದೆ, ಆತು. ಈ ಸಲ ಹಂಗೆ ಆಗಲ್ಲ. ಎಣಿಸಿದ್ದೇ ಹಾಕ್ಬೇಕು ಅಂದಾರೆ."

"ದಾರಿಯಲ್ಲಿ ಒಂದಿಷ್ಟು ಸಾಯ್ತಾವೆ ಮಾರಾಯ್ತಿ."

"ಸತ್ತಿದ್ದು ಕಾಣಲ್ವಾ ನಂಗೆ? ಸತ್ತಿದ್ದೂ ಎಣಿಸ್ತೀನಿ ನಾನು." ಆಮೇಲೆ ದನಿ ತಗ್ಗಿಸಿದಳು. "ಕಣ್ಣು ತೋರಿಸ್ಕ ಅಣ್ಣಯ್ಯ. ನೀ ಟೀಗೆ ಸಕ್ರೆ ಅಂತ ಉಪ್ಪು ಹಾಕ್ಕಂಡಿದ್ದೆ ನಮ್ಮನೇಲಿ. ನಾನೇನು ನೋಡ್ಲಿಲ್ಲ ಅಂದ್ಕಂಡ್ಯಾ?"

ನನಗೆ ಸಿಟ್ಟು ಬಂತು. "ಬಟ್ಟಲು ಹಿಡಿಯೋದು ಕಲಿಸಿದವ್ನಿಗೇ ಪಾಠ ಹೇಳ್ತೀಯಾ?" ಎಂದು ಫೋನು ಇಟ್ಟೆ. ಆ ಹಂಗಾಮಿಗೂ ಹಳೆಯ ಸಂಖ್ಯೆಯನ್ನೇ ಹಾಕಿಸಿದೆ.

ಹಂಗಾಮು ಮುಗಿದ ಮೇಲೆ ಪರಿಶೀಲನಾ ಸಭೆ. ಮೂರೂ ತಾಲ್ಲೂಕಿನವರನ್ನು ಕರೆಸಿದ್ದರು. ಗಿರಿಜಳೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಗೋಡೆಯ ಮೇಲೆ ದೊಡ್ಡದಾಗಿ ಪರದೆ ಬೆಳಗಿತು. ಕಳಿಸಿದ ಮರಿಗೂ ಬಂದ ಮರಿಗೂ ತಾಳೆಯಾದ ಸಾಲುಗಳು ಹಸಿರು, ಆಗದವು ಕೆಂಪು ಎಂದು ಮೇಡಂ ಹೇಳಿದರು. ಸಾಗರ ಹಸಿರು. ಹೊಸನಗರ ಪೂರ್ತಿ ಹಸಿರು. ತೀರ್ಥಹಳ್ಳಿ ಬಂತು. ಮೊದಲ ಒಂದೆರಡು ಸಾಲು ಹಸಿರಿದ್ದವು, ಅಲ್ಲಿಂದ ಕೆಳಗೆ ಕೆಂಪೋ ಕೆಂಪು.

ಮಂಜುಗಣ್ಣಿಗೂ ಕಾಣುವಷ್ಟು ಕೆಂಪು. ಆ ಕೆಂಪು ನನ್ನದು ಎಂದು ಆ ಕ್ಷಣವೇ ನನಗೆ ಗೊತ್ತಾಯಿತು. ಆದರೆ ಸಭೆಯಲ್ಲಿದ್ದವರೆಲ್ಲ ತಿರುಗಿ ನೋಡಿದ್ದು ಹಿಂದಿನ ಸಾಲಿನ ಕಡೆಗೆ.

ಅವರ ಲೆಕ್ಕ ಸರಳ. ಒಂದೇ ಕೇಂದ್ರದ ಮರಿ, ಒಂದೇ ಕೈ ತುಂಬಿದ ಚೀಲ, ಹೊಸನಗರಕ್ಕೆ ಪೂರ್ತಿ ಮುಟ್ಟುತ್ತದೆ, ತೀರ್ಥಹಳ್ಳಿಗೆ ಹೋಗುವಾಗ ಮಾತ್ರ ಕರಗುತ್ತದೆ. ಹಾಗಾದರೆ ದಾರಿಯಲ್ಲಿ ಯಾರೋ ಮಾರಿಕೊಂಡಿದ್ದಾರೆ. ಸಾಗರದವರೂ ಹೊಸನಗರದವರೂ ಎಣಿಸದೆ, ನಾನು ಹಾಕಿದ್ದನ್ನೇ ನೋಡಿ ಹಾಕಿದ್ದರು; ಅದಕ್ಕೆ ಅವರದು ಹಸಿರು. ನಿಜವಾಗಿ ಎಣಿಸಿದವಳು ಮೂರು ತಾಲ್ಲೂಕಿನಲ್ಲಿ ಅವಳೊಬ್ಬಳೇ.

ತೀರ್ಥಹಳ್ಳಿಯ ಸಾಹೇಬರು ಎದ್ದು ನಿಂತರು. "ಗಿರಿಜಮ್ಮ, ಖಾಸಗಿ ಹೊಂಡದವ್ರಿಗೆ ಮರಿ ಕೊಟ್ಟಿದ್ದೀರಾ? ನೇರವಾಗಿ ಹೇಳಿ."

"ನಾನು ಎಣಿಸಿದ್ದು ಹಾಕೀನಿ ಸಾರ್. ನನ್ ಕೈಗೆ ಬಂದಿದ್ದೇ ಅಷ್ಟು."

ಮೇಡಂ ನನ್ನ ಕಡೆ ತಿರುಗಿದರು. "ಹುಚ್ಚಪ್ಪನವರೇ, ನಿಮ್ಮ ಕಡೆಯಿಂದ ತಪ್ಪಾಗಿರಬಹುದಾ? ಸಂಕೋಚ ಬೇಡ. ಆಗಿದ್ದರೆ ಹೇಳಿ, ಸರಿಮಾಡೋಣ."

ಬಾಗಿಲು ಅಷ್ಟು ಅಗಲ ತೆರೆದಿತ್ತು. ದಾಟಿದ್ದರೆ ಮುಗಿಯುತ್ತಿತ್ತು. ನಾನು ಎದ್ದು ನಿಂತೆ. ನನ್ನ ಬಾಯಿಂದ ಬಂದ ಮಾತು ಕೇಳಿ ಮೊದಲು ಬೆಚ್ಚಿದವನು ನಾನೇ.

"ನನ್ನ ಲೆಕ್ಕ ಯಾವತ್ತೂ ತಪ್ಪಿಲ್ಲ ಮೇಡಂ."

ಗಿರಿಜ ನನ್ನನ್ನು ನೋಡಿದಳು. ಮುಖ ಸರಿಯಾಗಿ ಕಾಣಲಿಲ್ಲ. ಅವಳ ತಲೆ ನನ್ನ ಕಡೆ ತಿರುಗಿ ಹಾಗೇ ನಿಂತದ್ದು ಮಾತ್ರ ಕಂಡಿತು. "ಅಣ್ಣಯ್ಯನ ಕಣ್ಣು" ಎಂದು ಅವಳು ಒಂದು ಮಾತು ಶುರುಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಈ ಕೆಂಪು ಸಾಲುಗಳಿದ್ದರೆ ವರದಿ ಮುಗಿಯುವುದೇ ಇಲ್ಲ, ಮುಂದಿನ ಸಲ ಏನು ಮಾಡೋಣ ಎಂಬ ಚರ್ಚೆ ಬಂತು. ಕರಾವಳಿಯ ಸಾಹೇಬರು, "ಎರಡು ಸಂಖ್ಯೆ ಇಟ್ಟರೆ ಎರಡು ಜಗಳ ಉಂಟು. ಒಂದು ತೆಗೀರಿ ಅತ್ಲಾಗಿ" ಎಂದರು. ಮೇಡಂಗೆ ಮನಸ್ಸಿರಲಿಲ್ಲ. "ಕೆರೆಯ ಕೆಲಸ ಮಾಡಿದವರು ಹೇಳಲಿ. ಬಂದ ಮರಿಯ ಖಾನೆ ಬೇಕೇ?" ಎಂದು ಮತ್ತೆ ನನ್ನನ್ನೇ ಕೇಳಿದರು.

"ಬೇಡ ಮೇಡಂ. ಕಳಿಸಿದ ಲೆಕ್ಕ ಒಂದೇ ಸಾಕು" ಎಂದೆ.

ಖಾನೆ ಹೋಯಿತು. ಇನ್ನು ಮೇಲೆ ಯಾರೂ ನನ್ನನ್ನು ಹಿಡಿಯುವಂತಿರಲಿಲ್ಲ. ಮರಿ ಮಾರಿಕೊಂಡದ್ದಕ್ಕೆ ಸಾಕ್ಷಿ ಸಿಗದ ಕಾರಣ ಗಿರಿಜಳ ಕೆಲಸ ಉಳಿಯಿತು. ಆದರೆ ಕೆರೆಯ ಕೆಲಸದಿಂದ ತೆಗೆದು ಹೊಸನಗರದ ಕಚೇರಿಯಲ್ಲಿ ಟಪಾಲು ಜೋಡಿಸಲು ಕೂರಿಸಿದರು. ತೀರ್ಥಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಅದೇ ಬಸ್ಸಿಗೆ ಹತ್ತುವ, ಅವಳು ಮರಿ ಇಳಿಸುತ್ತಿದ್ದ ದೊಡ್ಡಕೆರೆಯ ಮೀನುಗಾರರು ಅವಳ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಿದ್ದರಂತೆ. ಆ ವರ್ಷ ಅವರ ಬಲೆಗೆ ಮೀನು ಬಿದ್ದಿರಲಿಲ್ಲ. ಮರಿ ಮಾರಿಕೊಂಡವಳು ಎಂಬ ಮಾತು ಕಚೇರಿಯಿಂದ ಕೆರೆಗೆ ಇಳಿದಾಗಿತ್ತು.

ನನ್ನ ಬೀಳ್ಕೊಡುಗೆಯಲ್ಲಿ ಹಾರ ಹಾಕಿ, "ಒಂದು ಮರಿಯೂ ತಪ್ಪದಂತೆ ಎಣಿಸಿದವರು" ಎಂದರು. ಗಿರಿಜ ಬಂದಿರಲಿಲ್ಲ. ನಾನು ಕೈಮುಗಿದು ಕೂತಿದ್ದೆ.

ನಿವೃತ್ತಿಯಾದ ಮೇಲೆ ಭಯವಿಲ್ಲವಲ್ಲ, ಕಣ್ಣಿನ ಆಪರೇಷನ್ ಮಾಡಿಸಿಕೊಂಡೆ. ಗಾಯ ಆರಿದ ಮೇಲೆ ಹಳೆಯ ಚಾಳಿಗೆ ಕೇಂದ್ರದ ಕಡೆ ಹೋದೆ. ಹಂಗಾಮಿನ ಕೊನೆ. ಹುಡುಗಿಯರಿಬ್ಬರು ಚೀಲ ತುಂಬುತ್ತಿದ್ದರು. "ಕೊಡಿ ಇಲ್ಲಿ, ಒಂದು ಬಟ್ಟಲು ಎಣಿಸ್ತೀನಿ" ಎಂದು ಕೂತೆ. ಬೇಸಿನ್ನಿನಲ್ಲಿ ಪ್ರತಿ ಮರಿಯ ಕಣ್ಣೂ ಬಾಲವೂ ಬೇರೆಬೇರೆಯಾಗಿ ಕಂಡವು. ಎಣಿಸುತ್ತ ಹೋದೆ. ಮುಗಿದೇ ಹೋಯಿತು. ನಾನು ವರ್ಷಗಟ್ಟಲೆ ಹಾಕಿಸಿದ ಸಂಖ್ಯೆಯ ಅರ್ಧ ದಾಟಿ ಅಲ್ಲೇ ನಿಂತಿತು. ಇನ್ನೊಂದು ಬಟ್ಟಲು ಎಣಿಸಿದೆ. ಅಷ್ಟೇ. ಸ್ವಲ್ಪ ಹೆಚ್ಚುಕಮ್ಮಿ ಎಂದುಕೊಂಡಿದ್ದೆನಲ್ಲ, ಅದು ಇದು.

"ನೀವು ಎಷ್ಟು ಹಾಕ್ತೀರಮ್ಮ ಬಟ್ಟಲಿಗೆ?" ಎಂದು ಕೇಳಿದೆ.

"ನಿಮ್ಮದೇ ಲೆಕ್ಕ ಅಂಕಲ್. ಹುಚ್ಚಪ್ಪನವರ ಲೆಕ್ಕ ಅಂತ ಗೋಡೆ ಮೇಲೆ ಬರೆದಿಟ್ಟಿದ್ದಾರಲ್ಲ."

ಮಾರನೆಯ ಬೆಳಿಗ್ಗೆ ತೀರ್ಥಹಳ್ಳಿಗೆ ಹೋದೆ. ಗಿರಿಜ ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಹೊರಟಿದ್ದಳು. ಬಾಗಿಲಲ್ಲೇ ಹೇಳತೊಡಗಿದೆ. ಕಣ್ಣು, ಬಟ್ಟಲು, ಸಭೆ, ಖಾನೆ. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ ಕೇಳಿದಳು.

"ಇದೆಲ್ಲ ನಂಗೆ ಹೇಳಾಕೆ ಬಂದ್ಯಾ?"

"ಹೂಂ."

"ನಂಗೆ ಗೊತ್ತಿತ್ತಲ್ಲ ಅಣ್ಣಯ್ಯ. ಗೊತ್ತಿದ್ದೋರಿಗೆ ಬಂದು ಹೇಳಿದ್ರೆ ಎಂತ ಆತು? ಗೊತ್ತಿಲ್ದೋರಿಗೆ ಹೇಳು."

"ಅವತ್ತು ನೀನಾದ್ರೂ ಯಾಕೆ ಹೇಳ್ಲಿಲ್ಲ?"

"ನೀ ಹೇಳ್ತೀಯ ಅಂತ ಕಾಯ್ತಿದ್ದೆ." ಬಸ್ಸಿನ ಹಾರನ್ನು ಕೇಳಿತು. "ಒಳಗೆ ಕಡುಬು ಐತೆ, ತಿಂದು ಹೋಗು" ಎಂದು ಹೊರಟೇಬಿಟ್ಟಳು.

ಕಡುಬು ಮುಟ್ಟದೆ ಹೊರಟೆ. ಮೇಡಂ ಯಾವ ಕಚೇರಿಯಲ್ಲಿದ್ದಾರೆಂದು ವಿಚಾರಿಸಿಕೊಂಡು ಹೋದೆ. ಎಲ್ಲ ಕೇಳಿದ ಮೇಲೆ ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಹುಚ್ಚಪ್ಪನವರೇ, ನಿಮ್ಮ ಮೂರು ತಾಲ್ಲೂಕಿನ ಮಾದರಿ ಈಗ ಎಲ್ಲ ಕಡೆ ಹೋಗಿದೆ. ಎಲ್ಲೂ ಬಂದ ಮರಿಯ ಖಾನೆ ಇಲ್ಲ. ಯಾಕೆ ಬೇಡ ಅನ್ನೋದಕ್ಕೆ ನಾನು ಕೊಟ್ಟ ಕಾರಣ ಏನು ಗೊತ್ತಾ? ಕ್ಷೇತ್ರದಲ್ಲಿ ಅನುಭವ ಇರುವವರ ಅಭಿಪ್ರಾಯ."

ನಾನು ಒಬ್ಬ ತಂಗಿಗೆ ಮಾತ್ರ ಅನ್ಯಾಯ ಮಾಡಿದ್ದೇನೆ ಎಂದುಕೊಂಡು ಹೋಗಿದ್ದೆ. ಎಷ್ಟು ದಡಗಳಲ್ಲಿ ಎಷ್ಟು ಗಿರಿಜಂದಿರು ಈಗ ಎಣಿಸುವುದನ್ನೇ ಬಿಟ್ಟು ನಿಂತಿದ್ದಾರೆ ಎಂದು ಆಗ ಹೊಳೆಯಿತು. ನಾನು ಹೇಳಿದ್ದನ್ನು ಅವರು ಬರೆಸಿಕೊಂಡರು, ನಾನು ಸಹಿ ಮಾಡಿದೆ. ಖಾನೆಯನ್ನು ಮತ್ತೆ ತರಲು ಪ್ರಯತ್ನಿಸುತ್ತೇನೆ, ಭರವಸೆ ಕೊಡಲಾರೆ ಎಂದರು. ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ಹೊಸಬರೇ, ಅದು ಬರುವವರೆಗೂ ನೀವು ದಡದಲ್ಲಿ ಎಣಿಸಿ. ಹಾಕಲು ಖಾನೆ ಇಲ್ಲದಿದ್ದರೂ ಎಣಿಸಿ, ಬಾಯಲ್ಲಾದರೂ ಹೇಳಿ.

ಇನ್ನು ಗೊತ್ತಿಲ್ಲದವರು ಉಳಿದದ್ದು ದೊಡ್ಡಕೆರೆಯಲ್ಲಿ. ಒಂದು ಭಾನುವಾರ ಹೋದೆ. ಮೀನುಗಾರರು ದಡದಲ್ಲಿ ಬಲೆ ಹರವಿಕೊಂಡು ಹರಿದ ಕಣ್ಣು ಹೊಲಿಯುತ್ತಿದ್ದರು. ಅವರ ಸಂಘಕ್ಕೆ ಹಿರಿಯ ಚೌಡಪ್ಪ. ನನ್ನನ್ನು ಕಂಡು, "ಓ, ಎಣಿಸೋ ಹುಚ್ಚಪ್ಪಣ್ಣ! ಕಣ್ಣಿಗೆ ಕನ್ನಡಕ ಬಂದೈತೆ, ಸಿನಿಮಾಕ್ಕೆ ಸೇರಿದ್ರಾ?" ಎಂದು ಕಲ್ಲಿನ ಮೇಲೆ ಜಾಗ ಮಾಡಿಕೊಟ್ಟ. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಮುಚ್ಚಿಡದೆ, ನನ್ನ ಕಣ್ಣಿನಿಂದ ಹಿಡಿದು ಸಭೆಯ ಮಾತಿನವರೆಗೆ.

ಬಲೆ ಹೊಲಿಯುವ ಕೈಗಳು ನಿಂತವು.

"ಅಲ್ಲ ಮಾರಾಯ, ಆಯಮ್ಮನ್ನ ನಾವು ಕಳ್ಳಿ ಅಂದ್ವಲ್ಲೋ" ಎಂದ ಚೌಡಪ್ಪ. ಇನ್ನೊಬ್ಬ ತಲೆ ಎತ್ತದೆ, "ಬಸ್ಸಿನಾಗೆ ಪಕ್ಕ ಕೂರ್ಲಿಲ್ಲ ನಾವು" ಎಂದ. ಅವರು ನನ್ನನ್ನು ಹೊಡೆಯಬಹುದು ಎಂದುಕೊಂಡಿದ್ದೆ. ಹೊಡೆದಿದ್ದರೆ ಹಗುರವಾಗುತ್ತಿತ್ತು. ಯಾರೂ ಏಳಲಿಲ್ಲ.

ಚೌಡಪ್ಪ ನೀರಿನ ಕಡೆ ನೋಡುತ್ತ ಕೇಳಿದ: "ಹಂಗಾರೆ ಆ ವರ್ಷ ನಮ್ ಕೆರೆಗೆ ನಿಜವಾಗಿ ಎಷ್ಟು ಮರಿ ಬಿದ್ದಿದ್ದು ಹುಚ್ಚಪ್ಪಣ್ಣ?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಎಣಿಸಿದವನು ಎಂದು ಹಾರ ಹಾಕಿಸಿಕೊಂಡ ನನಗೆ, ನಾನು ತುಂಬಿದ ಚೀಲದಲ್ಲಿ ಏನಿತ್ತೆಂದು ಗೊತ್ತಿರಲಿಲ್ಲ. ಆದರೆ ಕೊಡಲು ಉತ್ತರವಿತ್ತು. ಅಷ್ಟೂ ಜನಕ್ಕೆ ಕೇಳುವಂತೆ ಹೇಳಿದೆ.

"ಗಿರಿಜ ಎಣಿಸಿದಷ್ಟು."